ಮನೆ ಸಾಲದ ಕಂತು ತಪ್ಪಿದರೆ: 90 ದಿನ ತುಂಬುವ ಮೊದಲು, ತುಂಬಿದ ಮೇಲೆ

ಜೂನ್ 5ರ ಕಂತು ಕಟ್ಟಲಾಗಲಿಲ್ಲ ಎಂದುಕೊಳ್ಳಿ. ಅಂದೇ ನಿಮ್ಮ ಖಾತೆ ಬ್ಯಾಂಕಿನ ಲೆಕ್ಕದಲ್ಲಿ ಎಸ್‌ಎಂಎ-0, ಅಂದರೆ ಸುಸ್ತಿಯಾಗುವ ಮುನ್ನ ನಿಗಾ ಇಡುವ ಖಾತೆಯ ಮೊದಲ ಹಂತ. ಜುಲೈ 5ಕ್ಕೆ ಎಸ್‌ಎಂಎ-1, ಆಗಸ್ಟ್ 4ಕ್ಕೆ ಎಸ್‌ಎಂಎ-2. ಸೆಪ್ಟೆಂಬರ್ 3ಕ್ಕೆ 90 ದಿನ ತುಂಬಿ ಎನ್‌ಪಿಎ, ಅಂದರೆ ಸುಸ್ತಿ ಸಾಲ. ಈ ಕೊನೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ದಿನ ಎಣಿಸುವುದು ತೀರದೆ ಉಳಿದ ಅತಿ ಹಳೆಯ ಕಂತಿನಿಂದ. ಹಾಗಾಗಿ ಜುಲೈ, ಆಗಸ್ಟ್ ಕಂತುಗಳೂ ತಪ್ಪಿ, ಮೂರಕ್ಕೂ ದುಡ್ಡು ಹೊಂದದಿದ್ದರೆ, ಸೆಪ್ಟೆಂಬರ್ 3ರೊಳಗೆ ಜೂನ್ ಕಂತೊಂದನ್ನಾದರೂ ಪೂರ್ತಿ ತೀರಿಸಿ. ಎಣಿಕೆ ಜುಲೈ 5ಕ್ಕೆ ಸರಿಯುತ್ತದೆ, ಒಂದು ತಿಂಗಳು ಸಿಗುತ್ತದೆ. ಎಡವುವುದು ಇಲ್ಲೇ: ಕಟ್ಟಿದ ದುಡ್ಡು ದಂಡ, ಬೌನ್ಸ್ ಶುಲ್ಕಕ್ಕೆ ಜಮಾ ಆಗಿ ಕಂತಿನಲ್ಲಿ ಇನ್ನೂರು ರೂಪಾಯಿ ಉಳಿದರೂ ಎಣಿಕೆ ನಿಲ್ಲುವುದಿಲ್ಲ. ‘ಜೂನ್ ಕಂತು ತೀರಲು ಇವತ್ತಿಗೆ ಎಷ್ಟು?’ ಎಂದು ಶಾಖೆಯಲ್ಲಿ ಕೇಳಿ, ಅಷ್ಟನ್ನೂ ಕಟ್ಟಿ ರಸೀದಿ ಪಡೆಯಿರಿ.

ಎನ್‌ಪಿಎ ಆದ ಮೇಲೆ ಈ ದಾರಿ ಮುಚ್ಚುತ್ತದೆ. ರಿಸರ್ವ್ ಬ್ಯಾಂಕಿನ 2021ರ ನವೆಂಬರ್ ಸುತ್ತೋಲೆಯಂತೆ ಬಾಕಿಯ ಅಸಲು, ಬಡ್ಡಿ ಪೂರ್ತಿ ತೀರಿಸಿದರಷ್ಟೇ ಖಾತೆ ಮೊದಲಿನಂತಾಗುತ್ತದೆ. ಅದೇ ಬ್ಯಾಂಕಿನಲ್ಲಿ ಕಾರು ಸಾಲವಿದ್ದರೆ, ಅದರ ಕಂತು ಸರಿಯಾಗಿ ಕಟ್ಟುತ್ತಿದ್ದರೂ ಅದೂ ಎನ್‌ಪಿಎ. ಸಿಬಿಲ್ ವರದಿಯಲ್ಲಿ, ಅಂದರೆ ನಿಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ, ತಡವಾದ ದಿನಗಳು 90ಕ್ಕೂ ಮೊದಲೇ ದಾಖಲಾಗುತ್ತವೆ, ಸಹ-ಸಾಲಗಾರರ ಹೆಸರಿನಲ್ಲೂ. ಅವರಿಗೆ ನೀವೇ ಮೊದಲು ತಿಳಿಸುವುದು ನ್ಯಾಯ.

ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. 2024ರಿಂದ ಬ್ಯಾಂಕುಗಳು ದಂಡ ಬಡ್ಡಿ ಹಾಕುವಂತಿಲ್ಲ. ದಂಡ ಶುಲ್ಕ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಳೆಯುವಂತಿಲ್ಲ. ಕಂಡರೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡಿದರೂ ಹೀಗೆಯೇ ದೂರು ಕೊಡಬಹುದು.

ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಎರಡನೇ ಕಂತು ತಪ್ಪುವ ಮೊದಲೇ ಅವಧಿ ಹೆಚ್ಚಿಸಲು ಅರ್ಜಿ ಕೊಡಿ. ಕಾರಣದ ದಾಖಲೆ, ಆರು ತಿಂಗಳ ಪಾಸ್‌ಬುಕ್ ಪ್ರತಿ, ಈಗ ಎಷ್ಟು ಕಟ್ಟಬಲ್ಲಿರಿ ಎಂಬ ಮೊತ್ತ ಇರಲಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಎನ್‌ಪಿಎ ನಂತರ 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬರುತ್ತದೆ. ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ ಇದು. ನೋಟಿಸಿನಲ್ಲಿ ಕೇಳುವುದು ಪೂರ್ತಿ ಸಾಲವನ್ನು, 60 ದಿನದ ಗಡುವಿನಲ್ಲಿ. ಹೆದರಿ ಲಕೋಟೆ ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ, ಗಡುವು ಅದರಿಂದ ನಿಲ್ಲದು. ಲೆಕ್ಕ ತಪ್ಪಿದ್ದರೆ ಆಕ್ಷೇಪಣೆ ಬರೆಯಿರಿ. ಬ್ಯಾಂಕ್ 15 ದಿನದೊಳಗೆ ಉತ್ತರಿಸಲೇಬೇಕು. ಸ್ವಾಧೀನಕ್ಕೆ ಮುಂದಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಕೃಷಿ ಜಮೀನಿಗೆ ಈ ಕಾಯ್ದೆ ತಗಲುವುದಿಲ್ಲ. ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಕಾಯ್ದೆಯಂತೆ ಹರಾಜು ಪ್ರಕಟಣೆ ಹೊರಡುವ ತನಕ ಮಾತ್ರ. ಹರಾಜಿನ ದಿನದವರೆಗೂ ಸಮಯವಿದೆ ಎಂದು ನಂಬಿ ಮನೆ ಕಳೆದುಕೊಳ್ಳಬೇಡಿ.

ಒಂದೇ ಬಾರಿಗೆ ರಿಯಾಯಿತಿಯಲ್ಲಿ ತೀರಿಸಲು ಬ್ಯಾಂಕ್ ಒಪ್ಪಿದರೆ ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಮುಂದೆ ಸಾಲ ಸಿಗುವುದು ಕಷ್ಟ. ಆದರೂ ಮನೆ ಉಳಿಯುವುದಾದರೆ ಒಪ್ಪಿಕೊಳ್ಳಿ. ಒಪ್ಪಂದದ ಪತ್ರ ಕೈಗೆ ಬರದೆ ಮಾತ್ರ ದುಡ್ಡು ಕಟ್ಟಬೇಡಿ.