ಎಂಟಕ್ಕೆ ಮಲಗುವ ಕಡಲ್ಗಳ್ಳರು: ಮೂರೂವರೆ ನಿಮಿಷದ ಸಿನಿಮಾ ಮಾಡಿದ ಕಥೆ

ಕಡಲ್ಗಳ್ಳರ ಕಾಮಿಡಿ ಸಿನಿಮಾ ಮಾಡೋಣ ಅಂತ ಮಗಳು ಕೇಳಿದಾಗ, ಎರಡು ವಾರ ಸಾಕು ಅಂದುಬಿಟ್ಟೆ. ಗೊಂಬೆಗಳನ್ನು ಚೂರು ಚೂರೇ ಸರಿಸುತ್ತಾ ಒಂದೊಂದೇ ಫೋಟೋ ತೆಗೆದು ಜೋಡಿಸುವ ಸಿನಿಮಾ ಇದು, ಹಿಡಿದದ್ದು ಐದು ತಿಂಗಳು.

ಕಥೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 1720ರ ಹೊತ್ತಿಗೆ ಅಟ್ಲಾಂಟಿಕ್‌ನಲ್ಲಿ ಹಡಗು ದೋಚುತ್ತಿದ್ದ ಬಾರ್ತಲೊಮ್ಯೂ ರಾಬರ್ಟ್ಸ್ ತನ್ನ ತಂಡಕ್ಕೆ ನಿಯಮಗಳನ್ನು ಬರೆದಿಟ್ಟಿದ್ದ. ದುಡ್ಡು ಕಟ್ಟಿ ಇಸ್ಪೀಟು ಆಡುವಂತಿಲ್ಲ. ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಇದನ್ನು ಓದಿ ಹೇಳಿದ್ದೇ ತಡ, "ಅವರಿಗೂ ಬೇಗ ಮಲ್ಕೋ ಅಂತಾರಾ?" ಅಂತ ಮಗಳು ಬಿದ್ದು ಬಿದ್ದು ನಕ್ಕಳು. ಅಲ್ಲಿಗೆ ಸಿನಿಮಾ ಸಿಕ್ಕಿತು. ನಿಧಿ ತುಂಬಿದ ಹಡಗು ಕಣ್ಣೆದುರು ಬಂದಿದೆ, ಕ್ಯಾಪ್ಟನ್ ಕತ್ತಿ ಎತ್ತಿದ್ದಾನೆ, ಅಷ್ಟರಲ್ಲಿ ಎಂಟರ ಗಂಟೆ ಹೊಡೆಯುತ್ತದೆ.

ಗೊಂಬೆಗಳೆಲ್ಲ ಕ್ಲೇ. ಒಳಗೆ ಎರಡೆಳೆ ಹೊಸೆದ ಅಲ್ಯೂಮಿನಿಯಂ ತಂತಿ. ಪಾದದೊಳಗೆ ಒಂದು ನಟ್ ಇಟ್ಟು, ಡೆಕ್ ಕೆಳಗಿನಿಂದ ಸ್ಕ್ರೂ ಹಾಕಿದರೆ ಗೊಂಬೆ ಒಂಟಿ ಕಾಲಲ್ಲೂ ಬೀಳದೆ ನಿಲ್ಲುತ್ತದೆ. ಮೊದಲ ದಿನ ಬಿಸಿಯಾಗುವ ಹಳೇ ಬಲ್ಬ್ ಹಾಕಿಕೊಂಡು ಕೂತಿದ್ದೆ, ಸಂಜೆ ಹೊತ್ತಿಗೆ ಕ್ಯಾಪ್ಟನ್‌ನ ಗಡ್ಡ ಕರಗಿ ಹೊಟ್ಟೆವರೆಗೆ ಇಳಿದಿತ್ತು. ಆಮೇಲೆ ಎಲ್‌ಇಡಿಗೆ ಬಂದೆ. ಸಮುದ್ರಕ್ಕೆ ಮೊದಲು ನೀಲಿ ಬಟ್ಟೆ ಹಾಸಿದೆ, ಥೇಟ್ ಹಾಸಿಗೆಯ ಥರ ಕಾಣಿಸಿತು. ಕೊನೆಗೆ ನೀಲಿ ಕಾಗದದ ಮೇಲೆ ಮುದುರಿದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಪ್ರತಿ ಫೋಟೋಗೂ ಚೂರೇ ಚೂರು ಸರಿಸಿದೆ.

ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ಒಂದೊಂದು ಫೋಟೋವನ್ನೂ ಎರಡೆರಡು ಸಲ ತೋರಿಸಿದರೆ 12 ಫೋಟೋ ಸಾಕು, ನಾನು ಹಾಗೇ ಮಾಡಿದೆ. ಆದರೂ ಒಟ್ಟು 2520 ಫೋಟೋ! ಕಿಟಕಿ ಮುಚ್ಚಿ, ಕ್ಯಾಮೆರಾದ ಆಟೋ ಸೆಟ್ಟಿಂಗ್ ಎಲ್ಲ ಆಫ್ ಮಾಡಿದರೂ ಚಿತ್ರ ಮಿಣ ಮಿಣ ಅನ್ನುತ್ತಿತ್ತು. ಮೂರು ದಿನ ಹುಡುಕಿದ ಮೇಲೆ ಗೊತ್ತಾಯಿತು, ತಪ್ಪು ನನ್ನ ಬಿಳಿ ಅಂಗಿಯದ್ದು. ನಾನು ಎಲ್ಲಿ ನಿಂತಿದ್ದೀನೋ ಅದರ ಮೇಲೆ ಗೊಂಬೆಯ ಮುಖಕ್ಕೆ ಬೀಳುವ ಬೆಳಕು ಬದಲಾಗುತ್ತಿತ್ತು. ಅವತ್ತಿನಿಂದ ಕಪ್ಪು ಟೀ ಶರ್ಟೇ ಗತಿ.

ನಿಜವಾದ ಕಷ್ಟ ಇದ್ಯಾವುದೂ ಅಲ್ಲ, ನಗಿಸುವುದು. ಗಂಟೆ ಹೊಡೆಯುವ ಶಾಟ್ ಮೊದಲ ಸಲ ತೆಗೆದಾಗ ಕ್ಯಾಪ್ಟನ್ ತಕ್ಷಣ ತಲೆ ತಿರುಗಿಸಿದ, ಬಾಯಿ ತೆರೆದ, ಕತ್ತಿ ಇಳಿಸಿದ, ಎಲ್ಲ ಒಂದೇ ಸೆಕೆಂಡಿನಲ್ಲಿ. ಅಮ್ಮನಿಗೆ ತೋರಿಸಿದೆ. "ಏನಾಯ್ತು ಈಗ?" ಅಂದರು. ಇಷ್ಟು ಕಷ್ಟಪಟ್ಟು ಗೊಂಬೆ ಅಲುಗಾಡಿಸಲು ಕಲಿತವನಿಗೆ ಸುಮ್ನೆ ನಿಲ್ಲಿಸೋಕೆ ಮನಸ್ಸೇ ಬರುವುದಿಲ್ಲ, ಅದೇ ನನ್ನ ರೋಗ.

ಮತ್ತೆ ತೆಗೆದೆ. ಗಂಟೆ ಹೊಡೆದ ಮೇಲೆ 14 ಫೋಟೋ ಕ್ಯಾಪ್ಟನ್ ಕದಲುವುದೇ ಇಲ್ಲ, ಮಧ್ಯೆ ಒಂದು ಸಲ ರೆಪ್ಪೆ ಬಡಿಯುತ್ತಾನೆ, ಅಷ್ಟೇ. ಅದೂ ಇಲ್ಲದಿದ್ದರೆ ಸಿನಿಮಾ ನಿಂತುಹೋಯಿತೇನೋ ಅನಿಸುತ್ತದೆ. ಆಮೇಲೆ ತಲೆ ಅಲ್ಲ, ಕಣ್ಣುಗುಡ್ಡೆ ಮಾತ್ರ ಗಡಿಯಾರದ ಕಡೆ ಜಾರುತ್ತದೆ. ಕಣ್ಣು ಅಂದರೆ ಬಿಳಿ ಮಣಿ, ಮಣಿಯ ತೂತೇ ಕಪ್ಪು ಗುಡ್ಡೆ, ಅದರೊಳಗೆ ಸೂಜಿ ತುದಿ ಇಟ್ಟು ತಿರುಗಿಸುವುದು. ಮೂರು ಫೋಟೋದಲ್ಲಿ ಗಡಿಯಾರ, ಮೂರರಲ್ಲಿ ವಾಪಸ್ ನಿಧಿಯ ಹಡಗು. ಮತ್ತೆ ಎಂಟು ಫೋಟೋ ಸುಮ್ನೆ. ಕತ್ತಿ ಮೆಲ್ಲಗೆ ಇಳಿಯತೊಡಗಿದಾಗ ಅಮ್ಮ ನಕ್ಕರು. ಮಗಳು ನಗುವುದು ಅಲ್ಲಿ ಅಲ್ಲ, ಅದಾದ ಮೇಲೆ ಗಿಣಿ ರಾತ್ರಿ ಮಲಗುವ ಟೋಪಿ ಹಾಕಿಕೊಳ್ಳುವಾಗ.

ಶಬ್ದ ಬೇಗ ಮುಗಿಯಿತು. ಹಡಗಿನ ಕಿರುಗುಟ್ಟುವಿಕೆ ಹಳೇ ಕುರ್ಚಿಯದ್ದು, ಗಂಟೆ ಚಮಚದಲ್ಲಿ ಲೋಟಕ್ಕೆ ಹೊಡೆದದ್ದು.

ಎಲ್ಲ ಮುಗಿದ ಮೇಲೆ ಮಗಳು ಒಂದು ತಪ್ಪು ಹಿಡಿದಳು. ಮತ್ತೆ ತೆಗೆದ ಶಾಟ್‌ನಲ್ಲಿ ಗಡಿಯಾರದ ಮುಳ್ಳು ಎಂಟೂ ಐದಕ್ಕಿತ್ತು. ಸರಿಮಾಡಲಾ ಅಂತ ಕೇಳಿದೆ. ಬೇಡವಂತೆ. ಕ್ಯಾಪ್ಟನ್ ಐದು ನಿಮಿಷ ತಡ ಮಾಡಿದ್ದಾನೆ, ಅದಕ್ಕೇ ಅಷ್ಟು ಹೆದರಿದ್ದಾನೆ ಅಂದಳು.