ಬಾಗಿಲು, ಹೊಟ್ಟೆ, ಏಳು

ಅಪ್ಪ ಕುಡಿದು ಬಂದಿದ್ದಾನೋ ಇಲ್ಲವೋ ಅನ್ನುವುದು ಹೆಜ್ಜೆ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ಆಗ ಏಳು ವರ್ಷ. ಹೆಜ್ಜೆ ತಡವರಿಸಿದರೆ ತಮ್ಮನನ್ನು ಎಳೆದುಕೊಂಡು ಅಜ್ಜಿಯ ಮಗ್ಗುಲು ಸೇರುತ್ತಿದ್ದೆ. ಈಗ ನಲವತ್ತೆರಡು. ಕಚೇರಿಯಲ್ಲಿ ಯಾರಾದರೂ ಬಾಗಿಲು ದಡಾರನೆ ಹಾಕಿದರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ನನ್ನದು ಪುಕ್ಕಲು ಸ್ವಭಾವ ಅಂದುಕೊಂಡು ಇದ್ದುಬಿಟ್ಟಿದ್ದೆ. ಆಪ್ತ ಸಮಾಲೋಚಕರ ಹತ್ತಿರ ಹೋಗಿದ್ದು ಮಗಳಿಗಾಗಿ. ನೀರಿನ ಲೋಟ ಬೀಳಿಸಿದಳೆಂದು ಒಮ್ಮೆ ಕೂಗಾಡಿದಾಗ ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಆ ನೋಟ ನನ್ನದೇ.

ಸಮಾಲೋಚಕರು ಕೊಟ್ಟ ಹಾಳೆಯಲ್ಲಿ ಬಾಲ್ಯದ ಬಗ್ಗೆ ಹತ್ತು ಪ್ರಶ್ನೆಗಳಿದ್ದವು: ಹೊಡೆತ, ಬೈಗುಳ, ನಿರ್ಲಕ್ಷ್ಯ, ಮನೆಯಲ್ಲಿ ಕುಡಿತ, ಹೀಗೆ. ಅದರ ಮೂಲ ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಅಮೆರಿಕದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ ಮಾಡಿದ ಅಧ್ಯಯನ. ಇಂಥ ನಾಲ್ಕು ಅಥವಾ ಹೆಚ್ಚು ಅನುಭವ ಇದ್ದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಜಾಸ್ತಿ ಎಂದು 1998ರಲ್ಲಿ ಅವರು ಬರೆದರು. ಹೌದು ಎಂದ ಪ್ರತಿ ಪ್ರಶ್ನೆಗೆ ಒಂದರಂತೆ ನನ್ನ ಅಂಕ ಐದು. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಅಂಕದಿಂದ ಒಬ್ಬ ವ್ಯಕ್ತಿಯ ಮುಂದಿನ ಬದುಕನ್ನು ಅಳೆಯಬಾರದು ಎಂದು ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದು ಆಮೇಲೆ ತಿಳಿಯಿತು. ನಮ್ಮನ್ನು ತಬ್ಬಿಕೊಂಡು ರಾತ್ರಿಯಿಡೀ ಎಚ್ಚರವಿರುತ್ತಿದ್ದ ಅಜ್ಜಿಯ ಬಗ್ಗೆ ಆ ಹಾಳೆ ಕೇಳುವುದೂ ಇಲ್ಲ.

ಮೊದಲು ಬರೆದು ನೋಡಿದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಂದ ಅವರ ನೋವಿನ ಅನುಭವಗಳನ್ನು ಬರೆಸಿದ ಹಾಗೆ ದಿನಕ್ಕೆ ಹದಿನೈದು ನಿಮಿಷ, ನಾಲ್ಕು ದಿನ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗುತ್ತದೆ ಎಂಬುದು ಆ ಪ್ರಯೋಗದಲ್ಲೇ ಕಂಡಿತ್ತು. ನನಗೂ ಹಾಗೇ ಆಯಿತು. ಎರಡನೇ ದಿನ ಕೈ ನಡುಗಿ ನಿಲ್ಲಿಸಿದೆ. ಉಳಿದದ್ದನ್ನು ಸಮಾಲೋಚಕರ ಕೋಣೆಯಲ್ಲಿ, ಅವರ ಎದುರಿಗೇ ಕೂತು ಬರೆದೆ. ಇಂಥದ್ದನ್ನು ಒಬ್ಬರೇ ಕೆದಕಬೇಡಿ ಎಂದು ಅದಕ್ಕೇ ಹೇಳುತ್ತೇನೆ.

ನನಗೆ ನಿಜವಾಗಿ ಒಗ್ಗಿದ್ದು ಪುಟ್ಟ ನೋಟ್‌ಬುಕ್. ಮೈ ಬೆಚ್ಚಿದಾಗಲೆಲ್ಲ ಮೂರೇ ಮಾತು ಬರೆಯುತ್ತೇನೆ: ಏನು ಕೇಳಿಸಿತು, ಮೈಯಲ್ಲಿ ಎಲ್ಲಿ ಬಿಗಿಯಿತು, ಆ ಗಳಿಗೆ ನನಗೆಷ್ಟು ವಯಸ್ಸು ಅನ್ನಿಸಿತು. ‘ಬಾಗಿಲು. ಹೊಟ್ಟೆ. ಏಳು.’ ಏಳು ಎಂದು ಬರೆಯುವ ಹೊತ್ತಿಗೆ ನಾನು ನಲವತ್ತೆರಡರವಳೆಂಬುದು ನೆನಪಾಗಿ ಉಸಿರು ಇಳಿಯುತ್ತದೆ. ಹೊಟ್ಟೆ ಹಿಂಡುವುದು ನಿಂತಿಲ್ಲ. ಮೊದಲು ಇಡೀ ದಿನ ಕೆಡುತ್ತಿತ್ತು, ಈಗ ಹತ್ತು ನಿಮಿಷ.

ಹೋದ ತಿಂಗಳು ಮತ್ತೆ ಕೂಗಾಡಿದೆ. ಬರೆದು ಮುಗಿಸಿ ಮಗಳ ಪಕ್ಕ ಕೂತು, “ತಪ್ಪು ನನ್ನದು, ನಿನ್ನದಲ್ಲ” ಅಂದೆ. ಚಿಕ್ಕಂದಿನಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

“ಅಮ್ಮಾ, ಇನ್ನೂ ಕೋಪ ಇದೆಯಾ?” ಎಂದು ಕೇಳಿದಳು. ನನ್ನ ಮುಖ ನೋಡಿಕೊಂಡೇ ಕೇಳಿದಳು.