ಚಳ್ಳಕೆರೆ ಸೀಮೆಯಲ್ಲಿ ಬೆಳೆಗೊಂದು ಪಾಲು, ಹುಲ್ಲಿಗೊಂದು ಪಾಲು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಸುವ ಮುಂಗಾರು ಘಟ್ಟ ದಾಟಿ ಚಳ್ಳಕೆರೆ ಸೀಮೆ ತಲುಪುವಷ್ಟರಲ್ಲಿ ಬಹುಪಾಲು ಬರಿಯ ಗಾಳಿಯಾಗಿರುತ್ತದೆ. ನಮಗೆ ವರ್ಷಕ್ಕೆ ಸಿಗುವುದು 500 ಮಿ.ಮೀ. ಆಸುಪಾಸು. ಅದರಲ್ಲಿಯೂ ನಂಬಬಹುದಾದದ್ದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಉತ್ತರೆ, ಹಸ್ತ, ಚಿತ್ತೆ ಮಳೆಗಳು. ಎಷ್ಟು ಮಳೆ ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ನೋಡಿಯೇ ನಾನು ಹೊಲವನ್ನು ಬೆಳೆಗೂ ಕುರಿಗೂ ಹಂಚಿದ್ದೇನೆ.

ತಗ್ಗಿನ ಮರಳು ಬೆರೆತ ಕೆಮ್ಮಣ್ಣಿಗೆ ಶೇಂಗಾ ಬಿತ್ತಿ, ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕುತ್ತೇನೆ. ಜೂನ್ ಆರಂಭದ ಹದಕ್ಕೆ ಬಿತ್ತಿದರೆ ಊಡು, ಅಂದರೆ ಹೂವಿನಿಂದ ನೆಲಕ್ಕಿಳಿದು ಮಣ್ಣೊಳಗೆ ಕಾಯಿ ಕಟ್ಟುವ ಎಳೆ, ಇಳಿಯುವ ಹೊತ್ತಿಗೆ ಸರಿಯಾಗಿ ಮಳೆ ಬಿಡುವು ಕೊಡುತ್ತದೆ, ನೆಲ ಗಟ್ಟಿಯಾಗಿ ಊಡು ಒಳಗಿಳಿಯದು. ಆದ್ದರಿಂದ ಜುಲೈ ತಿಂಗಳ ಪುನರ್ವಸು ಮಳೆಗೆ ಕಾದು ಬಿತ್ತುತ್ತೇನೆ; ಆಗ ಊಡು ಇಳಿದು ಕಾಯಿ ಕಟ್ಟುವ ಕಾಲ ಹುಬ್ಬೆ, ಉತ್ತರೆ ಮಳೆಗಳಿಗೆ ಹೊಂದಿಕೊಳ್ಳುತ್ತದೆ. ಕೀಳುವಾಗ ಚಿತ್ತೆ ಮಳೆ ಹಿಡಿದು ಬಳ್ಳಿ ಕಪ್ಪಾಗುವ ಭಯ ಇದ್ದೇ ಇದೆ, ಆದರೂ ಕಾಯಿಯೇ ಕಟ್ಟದಿರುವುದಕ್ಕಿಂತ ಅದು ಸಣ್ಣ ನಷ್ಟ. ಪುನರ್ವಸು, ಪುಷ್ಯ ಎರಡೂ ಕೈಕೊಟ್ಟ ವರ್ಷ ಶೇಂಗಾ ಬೀಜಕ್ಕೆ ಹಣ ಸುರಿಯದೆ ಉತ್ತರೆ ಮಳೆಗೆ ಹುರುಳಿ ಬಿತ್ತುತ್ತೇನೆ. ಕಾಳು ಕಡಿಮೆಯಾದರೂ ಹೊಟ್ಟು ಕುರಿಗಳಿಗೆ ಒದಗುತ್ತದೆ.

ಮೇಲಿನ ಕಲ್ಲುದಿಣ್ಣೆಯನ್ನು ನಾನು ಉಳುವುದಿಲ್ಲ. ಅಲ್ಲಿ ಮಣ್ಣು ತೆಳು. ನೇಗಿಲು ತಾಗಿದರೆ ಒಂದೇ ಬಿರುಮಳೆಗೆ ಹಳ್ಳ ಸೇರುತ್ತದೆ, ಹುಲ್ಲಿನ ಬೇರಿದ್ದರೆ ನಿಲ್ಲುತ್ತದೆ. ರೋಹಿಣಿ, ಮೃಗಶಿರ ಮಳೆಗೆ ಚಿಗುರಿದ ಹುಲ್ಲಿಗೆ ಕೂಡಲೇ ಕುರಿ ಬಿಡದೆ, ಅದು ಬುಡ ಕಟ್ಟಿಕೊಳ್ಳುವವರೆಗೆ ತಡೆಯುತ್ತೇನೆ. ಆದರೆ ಮುಳ್ಳುಬೀಜ ಬಿಡುವ ಹುಲ್ಲುಗಳನ್ನು ತೆನೆ ಬಲಿಯುವ ಮುನ್ನವೇ ಮೇಯಿಸಲೇಬೇಕು, ಇಲ್ಲವಾದರೆ ಬೀಜ ಉಣ್ಣೆಗೆ ಅಂಟಿ ಚರ್ಮಕ್ಕೂ ಬಾಯಿಗೂ ಚುಚ್ಚುತ್ತದೆ. ಹಿಂದೆ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟಿದ್ದ ಹುಲ್ಲುಗಾವಲಾದ ಅಮೃತಮಹಲ್ ಕಾವಲಿನ ದೊಡ್ಡ ಭಾಗಕ್ಕೆ ರಕ್ಷಣಾ, ವಿಜ್ಞಾನ ಸಂಸ್ಥೆಗಳ ಗೋಡೆ ಬಂದ ಮೇಲೆ ಇಂತಹ ದಿಣ್ಣೆಗಳ ಬೆಲೆ ಏನೆಂಬುದು ಕುರಿ ಸಾಕುವವರಿಗೆಲ್ಲ ಗೊತ್ತಾಗಿದೆ. ಉಳಿದ ಹುಲ್ಲುಗಾವಲನ್ನು ಬಂಜರು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ದಿಣ್ಣೆಯ ಹುಲ್ಲು ತೀರುತ್ತದೆ. ಆಗ ಮಂದೆಯನ್ನು ದಾವಣಗೆರೆ ಕಡೆಯ ಭದ್ರಾ ಕಾಲುವೆಯ ಬಯಲಿಗೆ, ಭತ್ತ ಕೊಯ್ದ ಗದ್ದೆಗಳ ಕೂಳೆ ಮೇಯಿಸಲು ಹೊಡೆದುಕೊಂಡು ಹೋಗುತ್ತೇವೆ. ಮುಂಗಾರಿನ ಮೊದಲ ಮಳೆಗೆ ಮರಳಿ ಬಂದು, ಬಿತ್ತನೆಗೆ ಮುಂಚೆ ಶೇಂಗಾ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುತ್ತೇವೆ.